ಆರದ ತೋಟಾ

"ನನ್ನದೊಂದು ಗುರುತು ಅಕ್ಕನಿಗೆ ಮುಟ್ಟಿಸು" ಎಂದು ಬರ್ಮಾ ಯುದ್ಧದಲ್ಲಿ ಸಾಯುತ್ತಿದ್ದ ಗೆಳೆಯ ದೊಡ್ಡಬೈರಪ್ಪ ಕೇಳಿದಾಗ ಅಪ್ಪ ಮಾತು ಕೊಟ್ಟಿದ್ದರು. ಅವನನ್ನು ಮಣ್ಣು ಮಾಡುವಾಗ ಹಾರಿಸಿದ ಗುಂಡಿನ ಖಾಲಿ ತೋಟಾವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದರು. ಆ ಅಕ್ಕ ಎಲ್ಲಿದ್ದಾರೆಂದು ಗೊತ್ತಾಗದೆ ಗಂಟು ಹಾಗೇ ಉಳಿಯಿತು.

ಅಪ್ಪ ಹೋದ ಮೇಲೆ, ತೊಂಬತ್ತೇಳನೇ ಇಸವಿಯಲ್ಲಿ, ಆ ಅಕ್ಕ ಮುನಿಯಕ್ಕ ನಮ್ಮ ಪಕ್ಕದ ಗವಿಪುರದಲ್ಲೇ ಸಿಕ್ಕರು. ಹೆಣ ಬಾರದ ತಮ್ಮನಿಗೆ ತಿಥಿಯೂ ಆಗಿರಲಿಲ್ಲ. ಹೊಳೆಗೆ ಬಿಡಲು ಅವನದೇನಾದರೂ ಬೇಕಿತ್ತು.

ನಾನು ಚಾಮರಾಜಪೇಟೆಯಲ್ಲಿ ಲೇತ್ ಮೇಲೆ ಹಿತ್ತಾಳೆ ಕೆಲಸ ಮಾಡುವವನು. ಗಂಟು ಬಿಚ್ಚಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ತಳದ ಅಚ್ಚು ಓದಿದೆ. ತೋಟಾ ತಯಾರಾದ ವರ್ಷ ಅಲ್ಲಿರುತ್ತದೆ. ೪೫ ಎಂದಿತ್ತು. ದೊಡ್ಡಬೈರಪ್ಪ ಸತ್ತದ್ದು ನಲವತ್ಮೂರರಲ್ಲಿ, ಅಪ್ಪ ಊರಿಗೆ ಬಂದದ್ದು ನಲವತ್ನಾಲ್ಕರಲ್ಲಿ. ತಣ್ಣೀರಲ್ಲಿ ತೊಳೆದರೂ ತೋಟಾ ಬಿಸಿಯಾಗೇ ಇತ್ತು. ಆಗಷ್ಟೇ ಸಿಡಿದ ಪಟಾಕಿಯ ವಾಸನೆ. ಮಗಳು ಮಾಧವಿ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡಳು.

ಮುನಿಯಕ್ಕನಿಗೆ ವರ್ಷದ ವಿಷಯ ಹೇಳಿದೆ.

"ನಿಮ್ಮಪ್ಪ ಸುಳ್ಳು ಹೇಳೋರಾ?"

"ಇಲ್ಲಕ್ಕ."

"ಹಂಗಾದ್ರೆ ಸುಮ್ನೆ ಕೊಡು ಮಗಾ."

ಅದನ್ನು ಕೆನ್ನೆಗೆ ಒತ್ತಿಕೊಂಡರು. "ನನ್ ತಮ್ಮನ ಮೈ ಯಾವಾಗ್ಲೂ ಹಿಂಗೇ ಬಿಸಿ" ಅಂದರು.

ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟೆವು. ಬಿದ್ದ ಕಡೆ ನೀರು ಚುಂಯ್ ಎಂದಿತು.

ಅಪ್ಪನ ಮಾತು ನಡೆಯಿತು.