ಹೆಸರು ಹಿಡಿದು ಕರೆದ ತಿಮಿಂಗಿಲ

ಮೀನುಗಳು ಇನ್ನೂ ಮಾತು ಮರೆತಿರದ ಕಾಲದಲ್ಲಿ, ಪಡುವಣ ಕಡಲ ತೀರದಲ್ಲಿ ಶಂಖಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದ ಬೀರಣ್ಣ ತಂಡೇಲ ದೊಡ್ಡ ಹಡಗಿನ ಒಡೆಯ. ತಿಮಿಂಗಿಲದ ಎಣ್ಣೆಗಾಗಿ ಅವನು ಉತ್ತರದ ಹಿಮಸಾಗರಕ್ಕೆ ಹೋಗುತ್ತಿದ್ದ. ಒಂದು ವರ್ಷ ಮಾತ್ರ ಅವನೊಬ್ಬನೇ ಮರಳಿದ. "ಹಡಗು ಹಿಮಕ್ಕೆ ಸಿಕ್ಕಿ ಒಡೆಯಿತು, ನನ್ನ ಖಲಾಸಿಗಳೆಲ್ಲ ಹೋದರು" ಎಂದು ದಡದಲ್ಲಿ ಬಿದ್ದು ಅತ್ತ. ಊರೆಲ್ಲ ಅವನ ಜೊತೆ ಅತ್ತಿತು. ರಾಜ ಮರುಗಿ ಹೊಸ ಹಡಗು ಕೊಟ್ಟ.

ಹೊಸ ಹಡಗಿನ ಈಟಿಗಾರ ಜಟ್ಟಪ್ಪ. ಅವನ ಅಣ್ಣ ದುಗ್ಗಪ್ಪ ಹಳೆಯ ಹಡಗಿನಲ್ಲಿ ಹೋಗಿ ತಿರುಗಿ ಬಂದಿರಲಿಲ್ಲ. ಚುಕ್ಕಾಣಿ ಹಿಡಿದವನು ಈರಜ್ಜ. ಅವನ ಒಬ್ಬನೇ ಮಗ ಸುಕ್ರನೂ ಅದೇ ಹಡಗಿನಲ್ಲಿದ್ದವನು. "ಮಗ ಮುಳುಗಿದ ನೀರನ್ನು ಒಮ್ಮೆ ಕಣ್ಣಾರೆ ನೋಡಿ ಬರುತ್ತೇನೆ" ಎಂದು ಮುದುಕ ಹೊರಟಿದ್ದ.

ಬೇಸಿಗೆಯ ಹಿಮಸಾಗರದಲ್ಲಿ ಸೂರ್ಯ ಮುಳುಗುವುದಿಲ್ಲ. ಬೆಳ್ಳಗಿನ ಗುಡ್ಡಗಳು ನೀರಿನ ಮೇಲೆ ತೇಲುತ್ತವೆ. ಅಲ್ಲಿ ಮೊದಲ ತಿಮಿಂಗಿಲ ಕಂಡಿತು. ಅದು ಹೆದರಿ ಓಡಲಿಲ್ಲ, ಹಡಗಿನತ್ತಲೇ ಈಜಿ ಬಂತು.

"ಎಸೆ!" ಎಂದ ತಂಡೇಲ.

ಜಟ್ಟಪ್ಪ ಎಸೆದ. ತಿಮಿಂಗಿಲ ಸತ್ತಿತು. ಕೊಬ್ಬು ಕೊಯ್ಯುವಾಗ ರೆಕ್ಕೆಯ ಬುಡದಲ್ಲಿ ಏನೋ ಹೊಳೆಯಿತು. ಬೆಳ್ಳಿಯ ಕಡಗ! ಈರಜ್ಜ ಅದನ್ನು ಮುಟ್ಟಿ ನೋಡಿದ.

"ಇದು ನನ್ನ ಸುಕ್ರನದು. ಅವನ ತಾಯಿಯ ಕಾಲುಗೆಜ್ಜೆ ಕರಗಿಸಿ ನಾನೇ ಮಾಡಿಸಿದ್ದೆ."

"ಮುಳುಗಿದವನ ಕಡಗವನ್ನು ಮೀನು ನುಂಗಿರುತ್ತದೆ ಮುದುಕಾ" ಎಂದ ತಂಡೇಲ.

"ನುಂಗಿದ್ದು ಹೊಟ್ಟೆಯಲ್ಲಿರಬೇಕಲ್ಲ ಒಡೆಯಾ? ಇದರ ಸುತ್ತ ಮಾಂಸ ಬೆಳೆದಿದೆಯಲ್ಲ?"

ತಂಡೇಲ ಮುಖ ತಿರುಗಿಸಿ ಹೋದ. ಖಲಾಸಿಗಳು ತಮ್ಮ ಕೈಗೆ ಮೆತ್ತಿದ್ದ ರಕ್ತವನ್ನು ನೋಡಿದರು.

ಎರಡನೆಯ ತಿಮಿಂಗಿಲ ಕಂಡಾಗ ತಂಡೇಲ ದೋಣಿ ಇಳಿಸಿದ. ಖಲಾಸಿಗಳು ಮನಸ್ಸಿಲ್ಲದ ಮನಸ್ಸಿನಿಂದ ಹುಟ್ಟು ಹಾಕುತ್ತಾ "ಐಲೇಸಾ" ಎಂದರು. ನೀರಿನೊಳಗಿಂದ ದಪ್ಪ ದನಿಯೊಂದು "ಐಲೇಸಾ" ಎಂದಿತು. ಅವರು ಬೆಚ್ಚಿ ಹುಟ್ಟು ಎತ್ತಿಬಿಟ್ಟರು. ತಿಮಿಂಗಿಲ ಮತ್ತೆ "ಐಲೇಸಾ" ಎಂದಿತು, ಶಂಖಾವತಿಯ ಬೆಸ್ತರು ಎಳೆಯುವ ಅದೇ ರಾಗದಲ್ಲಿ.

ದೋಣಿ ಹಿಂದಕ್ಕೆ ಬಂತು. ತಂಡೇಲ ಅಕ್ಕಿಯ ಕೋಣೆಗೆ ಬೀಗ ಜಡಿದ. "ಈಟಿ ಎಸೆಯುವ ತನಕ ಒಬ್ಬರಿಗೂ ಒಂದು ಅಗುಳಿಲ್ಲ!"

ಹಸಿವು ಹೆಚ್ಚಿತು. ಆದರೂ ಯಾರೂ ದೋಣಿ ಹತ್ತಲಿಲ್ಲ.

ಆಗ ಮೂರನೆಯ ತಿಮಿಂಗಿಲ ತಾನಾಗಿಯೇ ಹಡಗಿನ ಪಕ್ಕಕ್ಕೆ ಬಂದು ತಲೆ ಎತ್ತಿತು. "ಜಟ್ಟೂ... ತಮ್ಮಾ..." ಎಂದಿತು.

ಜಟ್ಟಪ್ಪ ಹಡಗಿನ ಅಂಚಿಗೆ ಬಾಗಿ ನೋಡಿದ. ಆ ಹೆಸರಿನಲ್ಲಿ ಅವನನ್ನು ಕರೆಯುತ್ತಿದ್ದವನು ಅಣ್ಣ ಒಬ್ಬನೇ.

"ಎಸೆ!" ಎಂದು ತಂಡೇಲ ಕೂಗಿದ.

"ಎಸೆಯುವುದಿಲ್ಲ" ಎಂದ ಜಟ್ಟಪ್ಪ. ಈಟಿಯನ್ನು ಸಮುದ್ರಕ್ಕೆ ಬಿಟ್ಟ.

ತಂಡೇಲ ಇನ್ನೊಂದು ಈಟಿ ಎತ್ತಿಕೊಂಡ. ಈರಜ್ಜ ಚುಕ್ಕಾಣಿ ಬಿಟ್ಟು ಬಂದು ಅಡ್ಡ ನಿಂತ. "ಮೊದಲು ನನಗೆ ಚುಚ್ಚು. ಆಮೇಲೆ ದುಗ್ಗಪ್ಪನಿಗೆ." ಖಲಾಸಿಗಳೆಲ್ಲ ಬಂದು ಅಜ್ಜನ ಪಕ್ಕ ನಿಂತರು.

ತಂಡೇಲ ಸೊಂಟದ ಶಂಖ ತೆಗೆದು ಊದಿದ. ಎದುರಿನ ಹಿಮದ ಗುಡ್ಡ ಸೀಳಿತು. ಒಳಗಿಂದ ಮಾಂತ್ರಿಕನೊಬ್ಬ ಹೊರಗೆ ಬಂದ. ಅವನ ಗಡ್ಡ ಹಿಮ, ಕಣ್ಣು ಹಿಮ, ಆದರೆ ಕೆನ್ನೆ ಮಾತ್ರ ಎಳೆಯ ಹುಡುಗನ ಕೆನ್ನೆಯಂತೆ ಕೆಂಪಗಿತ್ತು.

"ಬೀರಣ್ಣಾ, ಹೋದ ವರ್ಷ ಕೊಟ್ಟ ಖಲಾಸಿಗಳ ಆಯುಸ್ಸು ರುಚಿಯಾಗಿತ್ತು" ಎಂದ ಮಾಂತ್ರಿಕ. "ಆಯುಸ್ಸು ನನಗೆ, ತಿಮಿಂಗಿಲವಾದ ಮೈಯ ಎಣ್ಣೆ ನಿನಗೆ. ಮಾತಿನಂತೆ ಇವರನ್ನೂ ತಂದೆಯಾ?"

ಖಲಾಸಿಗಳಿಗೆ ಈಗ ಎಲ್ಲ ತಿಳಿಯಿತು. ಹಿಮದಲ್ಲಿ ಹಡಗು ಒಡೆದಿರಲೇ ಇಲ್ಲ! ದಡದಲ್ಲಿ ಬಿದ್ದು ಅತ್ತವನು ಇವನೇ. ಊರು ಕಣ್ಣೊರೆಸಿದ್ದು ಇವನದೇ.

"ತಂದಿದ್ದೇನೆ! ತಗೋ, ಎಲ್ಲರೂ ನಿನ್ನವರು!" ಎಂದ ತಂಡೇಲ.

ಮಾಂತ್ರಿಕ ಕೈ ಎತ್ತಿದ. ಏನೂ ಆಗಲಿಲ್ಲ. ಅವನ ಹುಬ್ಬು ಗಂಟಿಕ್ಕಿತು. "ನಿನ್ನ ಅಪ್ಪಣೆ ಪಾಲಿಸುವವರನ್ನು ಮಾತ್ರ ನೀನು ಕೊಡಬಲ್ಲೆ. ಇವರು ನಿನ್ನ ಮಾತು ಕೇಳುತ್ತಾರೆಯೇ?"

"ಕೇಳುತ್ತಾರೆ! ಈರಜ್ಜಾ, ಚುಕ್ಕಾಣಿಗೆ ಹೋಗು!"

ಈರಜ್ಜ ಕದಲಲಿಲ್ಲ.

"ಜಟ್ಟಪ್ಪಾ, ಮಂಡಿಯೂರು!"

ಜಟ್ಟಪ್ಪ ನೆಟ್ಟಗೆ ನಿಂತ.

"ಯಾರಾದರೂ... ಒಬ್ಬನಾದರೂ ಬನ್ನಿರೋ!" ತಂಡೇಲನ ದನಿ ಒಡೆಯಿತು.

ಹಾಯಿಯೊಂದೇ ಪಟಪಟ ಬಡಿಯಿತು.

"ಹಾಗಾದರೆ ಈ ಹಡಗಿನಲ್ಲಿ ನಿನ್ನ ಮಾತು ಕೇಳುವವನು ನೀನೊಬ್ಬನೇ" ಎಂದು ಮಾಂತ್ರಿಕ ಅವನತ್ತಲೇ ಕೈ ಚಾಚಿದ. ತಂಡೇಲ ಕಿರುಚುತ್ತಾ ನೀರಿಗೆ ಬಿದ್ದ. ಬಿದ್ದವನು ಮೇಲೇಳುವಾಗ ಕಪ್ಪು ತಿಮಿಂಗಿಲವಾಗಿದ್ದ.

ಆದರೆ ಮಾರಿದವನೇ ಮಾಲಾದ ಮೇಲೆ ಹಳೆಯ ಮಾರಾಟವೂ ಮುರಿಯಿತು. ಮಾಂತ್ರಿಕ ಹೋದ ವರ್ಷ ನುಂಗಿದ್ದ ಆಯುಸ್ಸೆಲ್ಲ ಹೊಗೆಯಂತೆ ಬಾಯಿಂದ ಹೊರಬಂತು. ಅವನ ಕೆನ್ನೆ ಸುಕ್ಕಾಯಿತು, ಬೆನ್ನು ಬಾಗಿತು, ಕೊನೆಗೆ ಮೈಯೆಲ್ಲ ಕರಗಿ ನೀರಾಗಿ ಹರಿಯಿತು. ಸುತ್ತಲೂ ಮನುಷ್ಯರ ತಲೆಗಳು ಮೇಲೆದ್ದವು. ತನ್ನನ್ನೇ ತೆತ್ತ ತಂಡೇಲ ಮಾತ್ರ ತಿಮಿಂಗಿಲವಾಗಿಯೇ ಉಳಿದ. ಖಲಾಸಿಗಳು ಹಗ್ಗ ಎಸೆದು ಒಬ್ಬೊಬ್ಬರನ್ನೇ ಎಳೆದುಕೊಂಡರು. ದುಗ್ಗಪ್ಪ ನಡುಗುತ್ತಾ ತಮ್ಮನ ಕೊರಳಿಗೆ ಬಿದ್ದ.

ಈರಜ್ಜ ಎಲ್ಲರ ಮುಖ ನೋಡಿದ. ಸುಕ್ರ ಇರಲಿಲ್ಲ.

ಯಾರೋ ಅವನ ಕೈಗೆ ಈಟಿ ಕೊಟ್ಟು ಕಪ್ಪು ತಿಮಿಂಗಿಲವನ್ನು ತೋರಿಸಿದರು. ಅಜ್ಜ ಈಟಿ ಎತ್ತಿದ. ಬಹಳ ಹೊತ್ತು ನೋಡಿ ಕೆಳಗಿಟ್ಟ. "ಜಟ್ಟಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು. ಒಳಗೆ ಮನುಷ್ಯನಿದ್ದಾನೆಂದು ಗೊತ್ತಿದ್ದೂ ಕೊಂದರೆ ನಾನೂ ಇವನಂತೆಯೇ. ನಡೆಯಿರಿ, ಮನೆಗೆ ಹೋಗೋಣ."

ಊರು ಮುಟ್ಟಿದೊಡನೆ ಜಟ್ಟಪ್ಪ ತನ್ನ ಮನೆಗೆ ಹೋಗಲಿಲ್ಲ. ಸುಕ್ರನ ತಾಯಿಯ ಮುಂದೆ ಹೋಗಿ, "ಅವ್ವಾ, ಈಟಿ ಎಸೆದ ಕೈ ಇದೇ" ಎಂದ. ಅವಳು ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು. ಅವನು ಹಿಂದೆ ಸರಿಯಲಿಲ್ಲ. ಮರುದಿನವೂ ಹೋಗಿ ನೀರು ಸೇದಿಕೊಟ್ಟ, ಮರುವರ್ಷವೂ.

ಶಂಖಾವತಿಯವರು ಮತ್ತೆಂದೂ ಉತ್ತರಕ್ಕೆ ಹಡಗು ಬಿಡಲಿಲ್ಲ. ಮರಳಿ ಬಂದವರು ಮಕ್ಕಳು ಮರಿಗಳೊಂದಿಗೆ ಸುಖವಾಗಿ ಬಾಳಿದರು. ಈರಜ್ಜನ ಮನೆಯಲ್ಲೂ ನಗು ಕೇಳಿಸಿತು. ತಡವಾಗಿ ಕೇಳಿಸಿತು, ಆದರೂ ಕೇಳಿಸಿತು.