ಅರ್ಧರ್ಧ ಪರದೆ

ಕಮರಿಪೇಟೆಯ ತನ್ನ ಗೇಮ್ ಅಂಗಡಿಯಲ್ಲಿ ಸಿದ್ಧಾರೂಢ ಎರಡು ಟಿವಿಗಳನ್ನು ಎದುರುಬದುರು ಗೋಡೆಗೆ ಹಾಕಿದ್ದ. ಕೂತರೆ ಬೆನ್ನಿಗೆ ಬೆನ್ನು. ಅದನ್ನು ಕಂಡದ್ದೇ, ಅದೇ ಓಣಿಯ ಹುಡುಗಿ ಸೃಷ್ಟಿಗೆ ಸಿಟ್ಟು ನೆತ್ತಿಗೇರಿತು.

“ಇಷ್ಟ ದೂರ ಯಾಕ?”

“ರೇಸ್ ಗೇಮಿಂದು ಹೊಸಾ ಪಾರ್ಟ್ ಬಂದೈತಿ. ಇದರಾಗ ಒಂದ ಟಿವ್ಯಾಗ ಇಬ್ಬರಿಗೆ ಆಡಾಕ ಬರೂದಿಲ್ಲ,” ಎಂದ, ಅವಳ ಮುಖ ನೋಡದೆ.

ಸುಳ್ಳು, ಎಂದುಕೊಂಡಳು. ನಾಳೆ ಅಮರಗೋಳದಿಂದ ಗಂಡಿನವರು ತನ್ನನ್ನು ನೋಡಲು ಬರುವ ಸುದ್ದಿ ಇವನ ಕಿವಿಗೆ ಬಿದ್ದಿದೆ. ಕೈತೊಳೆದುಕೊಳ್ಳುವುದು ಇಷ್ಟು ಸಲೀಸೇ?

ಇಬ್ಬರೂ ಹೈಸ್ಕೂಲಿನಲ್ಲಿದ್ದಾಗ ಬಂದ ಮೊದಲ ಪಾರ್ಟಿನಲ್ಲಿ ಕಾರುಗಳು ಬೆಂಕಿಪೊಟ್ಟಣದಂತಿದ್ದವು. ಇದ್ದದ್ದು ಒಂದೇ ಬೀದಿ. ಎರಡನೆಯದರಲ್ಲಿ ಪೊಲೀಸರು ಬೆನ್ನಟ್ಟಿದರು. ಮೂರನೆಯದರಲ್ಲಿ ಕಾರಿಗೆ ಬೇಕಾದ ಬಣ್ಣ ಬಳಿಯಬಹುದಿತ್ತು. ಅವಳದಕ್ಕೆ ಗಿಳಿಹಸಿರು ಬಳಿದವನು ಅವನೇ. ಯಾವ ಪಾರ್ಟ್ ಬಂದರೂ ಪರದೆ ಮಾತ್ರ ಇಬ್ಬರಿಗೂ ಅರ್ಧರ್ಧ. ಅವನ ಕಣ್ಣು ಕದ್ದು ಅವಳ ಅರ್ಧಕ್ಕೆ ಬರುತ್ತಿತ್ತು, ಅಲ್ಲಿಂದ ಅವಳ ಕೆನ್ನೆಗೆ. ಅಷ್ಟರಲ್ಲಿ ಅವನ ಕಾರು ಕಂಬಕ್ಕೆ ಗುದ್ದುತ್ತಿತ್ತು. “ರಸ್ತಾ ನೋಡೋ!” ಎಂದು ಅವಳು ಮೊಣಕೈಯಿಂದ ತಿವಿಯುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೂ ಹಾಗೆ ತಿವಿಯಲೆಂದೇ ಲಕಮನಹಳ್ಳಿಯ ಫ್ಯಾಕ್ಟರಿಯಲ್ಲಿ ದಿನದ ಪಾಳಿ ಮುಗಿಸಿ ಬಸ್ ಹಿಡಿದು ಓಡಿ ಬರುತ್ತಿದ್ದಳು.

ಈಗ ಕಿವಿಗೆ ಹೆಡ್‌ಫೋನ್, ಬೆನ್ನ ಹಿಂದೆ ಅವನು. ಹೊಸ ಪಾರ್ಟಿನಲ್ಲಿ ಇಡೀ ಊರೇ ಇತ್ತು: ಮಳೆ, ಸೇತುವೆ, ಎಲ್ಲಿ ಬೇಕಾದರೂ ತಿರುಗುವ ದಾರಿ. ಅವಳಿಗೆ ಯಾವುದೂ ಬೇಡವಾಗಿತ್ತು. ಕಾಲು ಒಂದೇ ಸಮ ಕುಣಿಯುತ್ತಿತ್ತು. ರೇಸ್ ಶುರುವಾದದ್ದೇ ಎದುರಿಗೆ ಬಂದ ಗಾಡಿಗೆಲ್ಲ ಗುದ್ದುತ್ತ ಹೋದಳು.

“ಸೃಷ್ಟಿ,” ಕಿವಿಯೊಳಗೇ ಅವನ ದನಿ. “ನಾಳಿ ಬರೋರಿಗೆ ಏನ್ ಹೇಳ್ತಿ?”

“ನಿನಗ್ಯಾಕ? ದೂರ ಕುಂದ್ರಿಸಿದಿ, ಅಲ್ಲೇ ಕುಂದ್ರ.”

“ದೂರ ಕುಂದ್ರಿಸಿದ್ದು ಗೇಮ್ ಮಾಡಿದವ್ರು, ನಾ ಅಲ್ಲ.” ಉಸಿರೆಳೆದುಕೊಂಡ ಸದ್ದು. “ಆದ್ರೂ ಛಲೋನ ಆತು. ಬಾಜೂಕ ಕುಂತ್ರ ನಿನ್ನ ಮಾರಿ ನೋಡಿ ಬಾಯಾಗಿನ ಮಾತು ಬಾಯಾಗ ಉಳೀತಿತ್ತು. ಅವರಿಗೆ ಒಲ್ಲೆ ಅಂತ ಹೇಳ. ನಿನ್ನ ಬಿಟ್ಟು ಇರೂದು ನನ್ನ ಕೈಲೆ ಆಗೂದಿಲ್ಲ.”

ಸೃಷ್ಟಿಯ ಕಾರು ನಡುಸೇತುವೆಯಲ್ಲಿ ನಿಂತಿತು. ಹಿಂದಿನ ಗಾಡಿಗಳು ಒಂದೊಂದಾಗಿ ಬಂದು ಗುದ್ದಿದವು. ಅವಳು ಹೆಡ್‌ಫೋನ್ ಕಿತ್ತಿಟ್ಟು, ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಅವನ ಪಕ್ಕ ಹಾಕಿ ಕೂತಳು. ಅವನ ಕೆನ್ನೆ ಕೆಂಪಾಗಿತ್ತು; ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಅವಳು ಅವನ ಹೆಡ್‌ಫೋನನ್ನೂ ತೆಗೆದಳು.

“ಈಗ ಮಾರಿ ನೋಡಿ ಹೇಳ.”

ಅವನು ತಿರುಗಿದ. “ನಿನ್ನ ಬಿಟ್ಟು…” ಎಂದವನು ಮತ್ತೆ ಪರದೆಯತ್ತ ಮುಖ ತಿರುಗಿಸಿದ. ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

“ಆತು ಬಿಡ. ನಮ್ಮಪ್ಪನ ಮುಂದ ನಾನ ಮಾತಾಡ್ತೇನಿ. ನೀ ಬಾಜೂಕ ಬಂದು ಸುಮ್ನ ನಿಂದ್ರ, ಸಾಕು.”

“ಯಾವಾಗ?”

“ಈಗ. ಲಗೂ ಏಳ, ಇನ್ನೊಂದ್ ತಾಸು ತಡದ್ರ ನನಗೂ ಧೈರ್ಯ ಉಳಿಯೂದಿಲ್ಲ.”

ಅವನು ರೇಸನ್ನು ಅರ್ಧಕ್ಕೇ ಬಿಟ್ಟು ಎದ್ದ.