ತೊಳೆದರೂ ಹೋಗದ ಬಣ್ಣ

ಮೇಷ್ಟ್ರು ಸತ್ತು ಬಿದ್ದಿದ್ದು ಮೊಮ್ಮಗಳಿಗೆಂದು ಸಿದ್ಧವಾಗುತ್ತಿದ್ದ ಕೋಣೆಯಲ್ಲಿ.

ಮೊದಲು ನೋಡಿದವನು ಪೇಂಟರ್. ಊಟ ಮುಗಿಸಿ ಮೂರು ಗಂಟೆಗೆ ವಾಪಸ್ ಬಂದ. ಬಾಗಿಲು ತೆರೆದೇ ಇತ್ತು. ಏಣಿ ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಮೇಷ್ಟ್ರು ಅಂಗಾತ ಮಲಗಿದ್ದರು. ತಲೆಯ ಕೆಳಗೆ ರಕ್ತ. ಜೀವ ಇದೆಯೇನೋ ಎಂದು ಅವನು ಅವರನ್ನು ಎತ್ತಿ ಕೂರಿಸಲು ನೋಡಿದ. ಅದೇ ಅವನಿಗೆ ಮುಳುವಾಯಿತು. ರಕ್ತ ಮೆತ್ತಿದ ಅಂಗಿಯಲ್ಲಿ ಬೀದಿಗೆ ಓಡಿಬಂದಾಗ ಎದುರುಮನೆಯ ಅಜ್ಜಿ ಕಿಟಕಿಯಲ್ಲಿದ್ದಳು.

"ಬೆಳಿಗ್ಗೆ ಇಬ್ರೂ ಜಗಳ ಆಡ್ತಿದ್ರು," ಎಂದಳು ಅಜ್ಜಿ, ಇನ್ಸ್‌ಪೆಕ್ಟರ್ ಬಂದಾಗ. "ಈ ಬಣ್ಣದಲ್ಲಿ ನಾನು ಕೆಲಸ ಮಾಡಲ್ಲ ಅಂತ ಇವನು ಕೂಗಾಡ್ತಿದ್ದ. ಆಮೇಲೆ ನಾನು ಊಟ ಮಾಡಿ ಮಲಗಿದ್ದೆ. ಕಣ್ಣು ಮಂಜು, ಆದ್ರೆ ನನ್ನ ಕಿವಿ ಇನ್ನೂ ಚುರುಕು ಕಣಮ್ಮಾ."

ಇನ್ಸ್‌ಪೆಕ್ಟರ್ ಹೆಂಗಸು. ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಅವಳು ಏಣಿಯನ್ನು ನೋಡಿದಳು, ಮೇಷ್ಟ್ರ ಕಾಲುಗಳನ್ನು ನೋಡಿದಳು.

"ಅಪ್ಪ ಸ್ಟೂಲ್ ಕೂಡ ಹತ್ತುತ್ತಿರಲಿಲ್ಲ ಮೇಡಂ," ಎಂದಳು ಸುದ್ದಿ ತಿಳಿದು ಆಗಷ್ಟೇ ಬಂದಿದ್ದ ಮೇಷ್ಟ್ರ ಮಗಳು. ಕಂಕುಳಲ್ಲಿ ವರ್ಷದ ಕೂಸು. "ಎರಡೂ ಮಂಡಿ ಹೋಗಿದ್ವು. ಏಣಿ ಎಲ್ಲಿ ಹತ್ತುತ್ತಾರೆ?"

ಅಂದರೆ ಏಣಿಯನ್ನು ಯಾರೋ ಬೇಕೆಂದೇ ಬೀಳಿಸಿದ್ದರು. ಹಿಂತಲೆಗೆ ಅಗಲವಾದ, ಗಟ್ಟಿಯಾದ ಯಾವುದೋ ಬಡಿದಿದೆ ಎಂದರು ಡಾಕ್ಟರು. ಜಗಳ, ರಕ್ತದ ಅಂಗಿ, ಏಣಿ. ಇನ್ನೇನು ಬೇಕು? ಸಂಜೆಯೊಳಗೆ ಪೇಂಟರ್ ಲಾಕಪ್ಪಿನಲ್ಲಿದ್ದ. ಅವನನ್ನು ಅಲ್ಲಿಗೆ ಕಳಿಸಿದ್ದು ಇನ್ಸ್‌ಪೆಕ್ಟರೇ.

* * *

ಮಾರನೆಯ ದಿನ ಬೆಳಿಗ್ಗೆ ಅವಳು ಠಾಣೆಗೆ ಬಂದಾಗ ಬೆಂಚಿನ ಮೇಲೆ ಪೇಂಟರನ ಹೆಂಡತಿ ಕೂತಿದ್ದಳು. ತುಂಬು ಗರ್ಭಿಣಿ. ಅಳಲಿಲ್ಲ, ಬೇಡಲಿಲ್ಲ.

"ಸಂಜೆ ಐದಕ್ಕೆ ಕೋರ್ಟಿಗೆ ಕರ್ಕೊಂಡು ಹೋಗ್ತೀರಂತೆ. ಅಲ್ಲಿಂದ ಜೈಲಿಗಂತೆ. ಅದಕ್ಕೆ ಮುಂಚೆ ಅವರು ಹೇಳೋದನ್ನ ಒಂದ್ಸಲ ಪೂರ್ತಿ ಕೇಳಿ ಮೇಡಂ. ಅಷ್ಟೇ."

ಇನ್ಸ್‌ಪೆಕ್ಟರಿಗೆ ಮುಖದ ಮೇಲೆ ಹೊಡೆದಂತಾಯಿತು. ಪೂರ್ತಿ ಕೇಳಿರಲಿಲ್ಲ, ನಿಜ.

"ಡಬ್ಬದ ಮೇಲೆ ಬರೆದಿರೋದು ಒಂದು, ಒಳಗಿರೋದು ಇನ್ನೊಂದು," ಎಂದ ಪೇಂಟರ್, ಕಂಬಿಯ ಆಚೆಯಿಂದ. "ಭಾನುವಾರ ಬಳಿದ ಗೋಡೆ ನಿನ್ನೆ ಸೋಮವಾರ ಮುಟ್ಟಿದ್ರೆ ಅಂಗೈಯೆಲ್ಲ ನೀಲಿ. ಬರೀ ಸೀಮೆಸುಣ್ಣ. ನೆಕ್ಕೋ ಮಗು ಇರೋ ಮನೆಗೆ ಇದು ಬೇಡ ಅಂದೆ. ನೀನೇ ಒಳ್ಳೇದನ್ನ ಮಾರ್ಕೊಂಡು ಇದನ್ನ ತುಂಬಿದೀಯ ಅಂತ ಮೇಷ್ಟ್ರು ಬೈದ್ರು. ಹಂಗಾದ್ರೆ ಅಂಗಡಿಯವರನ್ನೇ ಕೇಳಿ ಅಂದು ಹನ್ನೆರಡಕ್ಕೇ ಊಟಕ್ಕೆ ಹೋದೆ."

"ಆಗ ಮೇಷ್ಟ್ರು ಏನು ಮಾಡ್ತಿದ್ರು?"

"ಚಪ್ಪಲಿ ಹುಡುಕ್ತಿದ್ರು."

"ಎಲ್ಲ ಕಳ್ಳರೂ ಹೀಗೇ ಹೇಳೋದು ಮೇಡಂ," ಎಂದ ಹಿರಿಯ ಪೇದೆ. "ಬಣ್ಣ ಬದಲಾಯಿಸಿದ್ದು ಸಿಕ್ಕಿಬಿತ್ತು, ಮುಗಿಸಿಬಿಟ್ಟ."

ಮಾತಿನಲ್ಲಿ ಹುರುಳಿತ್ತು. ಅದೇ ಅವಳಿಗೆ ಭಯ ಹುಟ್ಟಿಸಿತು.

* * *

ಬಣ್ಣದಂಗಡಿ ಎರಡು ಬೀದಿ ಆಚೆಗಿತ್ತು. ಸಾಹುಕಾರ ನಗುಮುಖದವನು. ಅರ್ಧ ಊರಿನ ಗೋಡೆಗಳ ಬಣ್ಣ ಅವನ ಡಬ್ಬಗಳಿಂದಲೇ ಬಂದಿದ್ದು.

"ಮೇಷ್ಟ್ರು ಡಬ್ಬ ಕೊಂಡಿದ್ದು ಹೋದ ವಾರ. ಆಮೇಲೆ ಈ ಕಡೆ ಬಂದಿಲ್ಲ. ಅವರ ಮನೆ ಹೊಸಿಲು ನಾನು ಇವತ್ತಿನವರೆಗೆ ತುಳಿದಿಲ್ಲ," ಎಂದ. "ಪೇಂಟರ್‌ಗಳ ಕೈಚಳಕ ನಿಮಗೆ ಗೊತ್ತಿಲ್ಲ ಮೇಡಂ. ಕೊಡೋದು ಬೆಣ್ಣೆ, ಬಳಿಯೋದು ಸುಣ್ಣ."

ಅಲ್ಲಿಂದ ಅವಳು ಮೇಷ್ಟ್ರ ಮನೆಗೆ ಹೋದಳು. ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ನೆಲ ತೊಳೆದಿದ್ದರೂ ಹಸಿ ವಾಸನೆ ಹೋಗಿರಲಿಲ್ಲ. ನಾಲ್ಕೂ ಕಡೆ ತಿಳಿನೀಲಿ, ಮಗುವಿಗೆಂದು ಆರಿಸಿದ ನೀಲಿ. ಅವಳು ಗೋಡೆಗೊರಗಿ ಯೋಚಿಸುತ್ತ ನಿಂತಳು.

"ಮೇಡಂ, ನಿಮ್ಮ ಭುಜ," ಎಂದಳು ಮಗಳು.

ಖಾಕಿಯ ಭುಜದ ಮೇಲೆಲ್ಲ ನೀಲಿ ಪುಡಿ.

"ತೊಳೆದರೂ ಹೋಗದ ಬಣ್ಣ ಅಂತ ಅಂಗಡಿಯವರು ಹೇಳಿದ್ರಂತೆ," ಎಂದಳು ಮಗಳು. "ಮಗು ಗೀಚಿದ್ರೂ ಒರೆಸಿದ್ರೆ ಸಾಕು ಅಂತ ಅಪ್ಪ ಎಷ್ಟು ಖುಷಿಯಾಗಿದ್ರು."

"ಒಂದು ಒದ್ದೆ ಬಟ್ಟೆ ಕೊಡ್ತೀರಾ?"

ಇನ್ಸ್‌ಪೆಕ್ಟರ್ ಗೋಡೆ ಒರೆಸತೊಡಗಿದಳು. ಬಟ್ಟೆ ಆಡಿದಲ್ಲೆಲ್ಲ ನೀಲಿ ಇಳಿದು ಹೋಯಿತು. ಹಳೆಯ ಗೋಡೆ ಕಾಣಿಸಿತು. ಒಂದು ಮಾರು, ಎರಡು ಮಾರು. ಬಾಗಿಲ ಪಕ್ಕಕ್ಕೆ ಬಂದಾಗ ಕೈ ನಿಂತಿತು.

ಊಟದ ತಟ್ಟೆಯಷ್ಟು ಜಾಗ ಮಾತ್ರ ಹೋಗಲಿಲ್ಲ. ಉಜ್ಜಿದಳು. ಹೋಗಲಿಲ್ಲ. ಸುತ್ತ ಬೋಳಾದ ಗೋಡೆ, ನಡುವೆ ದುಂಡಗೆ ನೀಲಿ. ನಿಂತ ಮನುಷ್ಯನ ತಲೆಯ ಎತ್ತರಕ್ಕೆ ಸರಿಯಾಗಿ.

ಅವಳು ಬ್ಲೇಡು ತೆಗೆದು ಅಂಚನ್ನು ಕೆರೆದಳು. ಮೇಲೆ ಒಳ್ಳೆಯ ನೀಲಿ. ಅದರಡಿ ಪುಡಿ ನೀಲಿ. ಅದರಡಿ ಕಂದು. ಮತ್ತೆ ಪುಡಿ ನೀಲಿ.

ಮಗಳು ಕೂಸಿನ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡು ಆಚೆ ತಿರುಗಿದಳು.

ಪಡಸಾಲೆಯಲ್ಲಿ ಸೀಲು ಒಡೆಯದ ಇನ್ನೊಂದು ಡಬ್ಬವಿತ್ತು. ಇನ್ಸ್‌ಪೆಕ್ಟರ್ ಅದರ ಮುಚ್ಚಳ ಎಬ್ಬಿಸಿ ಬೆರಳು ಅದ್ದಿ, ಹಳೆಯ ಪತ್ರಿಕೆಗೆ ಬಳಿದು ಬಿಸಿಲಿಗಿಟ್ಟಳು. ಒಣಗಿದ ಮೇಲೆ ಒರೆಸಿದಳು. ಪುಡಿ.

ಅವಳು ಪೇದೆಗೆ ಫೋನ್ ಮಾಡಿದಳು. "ಬಣ್ಣದಂಗಡಿಗೆ ಹೋಗಿ. ಬಣ್ಣ ಬೆರೆಸೋ ಯಂತ್ರದಲ್ಲಿ ಸೋಮವಾರದ ಲೆಕ್ಕ ತೆಗೆಸಿ, ಸಾಹುಕಾರರಿಗೆ ಗೊತ್ತಾಗದ ಹಾಗೆ. ಸಾಹುಕಾರರನ್ನ ನಾಲ್ಕು ಗಂಟೆಗೆ ಇಲ್ಲಿಗೆ ಬರೋಕೆ ಹೇಳಿ. ಬಣ್ಣದ ವಿಷಯದಲ್ಲಿ ಸಲಹೆ ಬೇಕು ಅಂತ ಹೇಳಿ, ಸಾಕು."

* * *

ಸಾಹುಕಾರ ನಾಲ್ಕಕ್ಕೆ ಸರಿಯಾಗಿ ಬಂದ, ಹಿಂದೆಯೇ ಪೇದೆ. ಒರೆಸಿದರೂ ಹೋಗದ ಆ ನೀಲಿ ತೇಪೆಯ ಮೇಲೆ ಇನ್ಸ್‌ಪೆಕ್ಟರ್ ಒಂದು ಬಟ್ಟೆ ಇಳಿಬಿಟ್ಟಿದ್ದಳು. ಒಳಗೆ ಬಂದವನು ಆ ಜಾಗವನ್ನು ಬಿಟ್ಟು ಉಳಿದೆಲ್ಲ ಕಡೆ ನೋಡಿದ.

"ಒಂದು ಮಾತು ಹೇಳಿ. ಮನೆಗೆ ಅಗ್ಗದ ಬಣ್ಣ ಬಳಿಸಿದ್ರೆ ನಡೆಯುತ್ತಾ?"

"ಛೆ, ಬೇಡವೇ ಬೇಡ. ಒರಗಿದವರ ಮೈಗೆಲ್ಲ ಅಂಟುತ್ತೆ."

"ಹೌದು. ಸೋಮವಾರ ಈ ಕೋಣೆಗೆ ಬಂದವರ ಭುಜಕ್ಕೂ ಅಂಟಿರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಹುಕಾರನ ಕೈ ತಾನಾಗಿಯೇ ಬಲಭುಜಕ್ಕೆ ಹೋಯಿತು. ಅಂಗಿ ಹೊಸದು, ಅಲ್ಲೇನೂ ಇರಲಿಲ್ಲ. ಕೈ ಇಳಿಸುವುದರೊಳಗೆ ಎಲ್ಲರೂ ನೋಡಿಯಾಗಿತ್ತು.

ಇನ್ಸ್‌ಪೆಕ್ಟರ್ ಬಟ್ಟೆ ಎಳೆದಳು.

"ಮೇಷ್ಟ್ರು ನಿಮ್ಮ ಅಂಗಡಿಗೆ ಬಂದ್ರು. ಊರಿಗೆಲ್ಲ ಹೇಳ್ತೀನಿ ಅಂದ್ರು. ಸಮಾಧಾನ ಮಾಡೋಕೆ ಜೊತೇಲಿ ಬಂದ್ರಿ. ಮಾತಿಗೆ ಮಾತು ಬೆಳೀತು, ನೂಕಿದ್ರಿ. ತಲೆ ಇಲ್ಲಿ ಬಡೀತು. ಡಾಕ್ಟರು ಹೇಳಿದ ಅಗಲವಾದ, ಗಟ್ಟಿಯಾದ ವಸ್ತು ಈ ಗೋಡೇನೇ. ಏಣಿಯಿಂದ ಬಿದ್ದವರ ರಕ್ತ ಇಷ್ಟು ಮೇಲೆ ಇರೋ ಹಾಗಿಲ್ಲ. ಒರೆಸೋಣ ಅಂದ್ರೆ ಗೋಡೆ ಬಣ್ಣವೇ ಕಿತ್ತು ಬರುತ್ತೆ. ಇಲ್ಲಿದ್ದ ಬಣ್ಣವನ್ನೇ ಬಳಿದ್ರಿ. ಕಲೆ ಮೇಲೆ ಬಂತು. ಆಗ ಅಂಗಡಿಗೆ ಓಡಿದ್ರಿ. ಒಳ್ಳೇ ಬಣ್ಣ ತಂದು ಮುಚ್ಚಿ, ಏಣಿ ಬೀಳಿಸಿ ಹೋದ್ರಿ."

"ಅದು ಪೇಂಟರ್ ಬಳಿದಿರಬೇಕು," ಎಂದ ಸಾಹುಕಾರ.

"ಪೇಂಟರ್ ಗೋಡೆ ನಡುವೆ ತೇಪೆ ಹಾಕಲ್ಲ, ಮೂಲೆಯಿಂದ ಮೂಲೆಗೆ ಬಳೀತಾನೆ. ಅವನು ಒಳ್ಳೇ ಬಣ್ಣ ಕದ್ದಿಟ್ಟಿದ್ದ ಅನ್ನೋಣ ಅಂದ್ರೆ, ನಿಮ್ಮ ಸೀಲಿರೋ ಡಬ್ಬದಲ್ಲೂ ಇರೋದು ಪುಡಿಯೇ. ಈ ಮನೆಗೆ ಒಳ್ಳೇ ಬಣ್ಣ ಒಂದು ತೊಟ್ಟೂ ಬಂದೇ ಇರಲಿಲ್ಲ."

ಪೇದೆ ಜೇಬಿನಿಂದ ಚೀಟಿ ತೆಗೆದು ಓದಿದ. "ಸೋಮವಾರ ಮಧ್ಯಾಹ್ನ ಒಂದು ನಲವತ್ತು. ಇದೇ ನೀಲಿಯ ನಂಬರು. ಒಂದು ಲೀಟರ್, ಅತ್ಯುತ್ತಮ ದರ್ಜೆ. ಗಿರಾಕಿ ಹೆಸರಿಲ್ಲ."

ಸಾಹುಕಾರ ಎದುರು ಗೋಡೆಯ ಬುಡದಲ್ಲಿ ಕುಸಿದು ಕೂತ. "ಊರಿನ ಮುಂದೆ ತಲೆ ಎತ್ತದ ಹಾಗೆ ಮಾಡ್ತೀನಿ ಅಂದ್ರು ಮೇಡಂ," ಎಂದ. ಅವನ ಬೆನ್ನಿಗೆಲ್ಲ ನೀಲಿ ಅಂಟಿತು.

ಊರಿಗೆಲ್ಲ ಸೀಮೆಸುಣ್ಣ ಮಾರಿದವನು, ತನ್ನ ಕುತ್ತಿಗೆಗೆ ಬಂದಾಗ ಮಾತ್ರ ನಿಜವಾದ ಬಣ್ಣದ ಡಬ್ಬ ತೆರೆದಿದ್ದ. ತನ್ನ ಸರಕನ್ನು ತಾನೇ ನಂಬಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವೇನೋ.

* * *

ಐದಕ್ಕೆ ಹತ್ತು ನಿಮಿಷವಿರುವಾಗ ಲಾಕಪ್ಪಿನ ಬೀಗವನ್ನು ಇನ್ಸ್‌ಪೆಕ್ಟರ್ ತನ್ನ ಕೈಯಾರೆ ತೆಗೆದಳು.

"ತಪ್ಪಾಯ್ತಪ್ಪ," ಎಂದಳು. "ನಿನ್ನೆಯೇ ಪೂರ್ತಿ ಕೇಳಬೇಕಿತ್ತು."

ಪೇಂಟರ್ ಹೊರಗೆ ಬಂದ. ಹೆಂಡತಿ ಬೆಂಚಿನಿಂದ ಎದ್ದು ಬಂದು ಅವನ ತೋಳು ಹಿಡಿದುಕೊಂಡಳು, ಆಗ ಅತ್ತಳು. ಮೇಜಿನ ಮೇಲೆ ತೇಪೆಯ ಫೋಟೋ ಬಿದ್ದಿತ್ತು. ಅವನು ಹೋಗುತ್ತ ಬಾಗಿ ನೋಡಿದ. ವೃತ್ತಿಯ ಕಣ್ಣು ಸುಮ್ಮನಿರುವುದಿಲ್ಲ.

"ಕೆಲಸ ಕೆಟ್ಟದಾಗಿದೆ ಮೇಡಂ," ಎಂದ. "ಬಣ್ಣ ಮಾತ್ರ ಒಳ್ಳೇದು."